ಕೇರಿಯನ್ನು ನೆನೆಯುವ ಬಗೆ

ಕಲ್ಯಾಣದುರ್ಗ

ಚಿರಂಜೀವಿ ತಮ್ಮನಿಗೆ,

ಹಿಂದೂಪುರದ ಮಗ್ಗದ ಕೇರಿಯಲ್ಲಿ ಕಳೆದ ಬಾಲ್ಯವನ್ನು ಕುರಿತು ಬರೆಯಬೇಕೆಂಬ ಅಭಿಲಾಷೆ ಹುಟ್ಟಿದೆಯೆಂದೂ, ಏನನ್ನು ಬರೆಯಬೇಕು, ಏನನ್ನು ಬಿಡಬೇಕು ಎಂಬುದು ತೋಚದಾಗಿದೆಯೆಂದೂ ತಿಳಿಸಿರುವೆ. ನಾನೂ ಅಂಥದೇ ಕೇರಿಯಲ್ಲಿ ಬೆಳೆದವನು. ಬೆಂಗಳೂರಿಗೆ ರೈಲು ಹತ್ತಿದ ನಿನ್ನ ವಯಸ್ಸಿನ ಮಕ್ಕಳು ನಮ್ಮ ಸೀಮೆಯಲ್ಲಿ ಮನೆಮನೆಗೂ ಇದ್ದಾರೆ. ನಿನ್ನ ಪ್ರಶ್ನೆ ಅವರೆಲ್ಲರದೂ ಆಗಿರುವುದರಿಂದ ಈ ಉತ್ತರವನ್ನು ಎಲ್ಲರೂ ಓದಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ದುಡಿಮೆಯವರ ಕೇರಿಯಿಂದ ಹೊರಬಂದ ಮಕ್ಕಳು ಸಾಮಾನ್ಯವಾಗಿ ಎರಡು ದಾರಿಗಳಲ್ಲೊಂದನ್ನು ಹಿಡಿಯುತ್ತಾರೆ. ಕೆಲವರು ಹುಟ್ಟಿದ ಓಣಿಯ ಹೆಸರನ್ನೇ ಹೇಳಲು ಸಂಕೋಚಪಟ್ಟು, ನಾಲ್ಕು ಜನರ ಎದುರಿನಲ್ಲಿ ಊರಿನ ಹೆಸರನ್ನಷ್ಟೇ ಹೇಳಿ ಸುಮ್ಮನಾಗುತ್ತಾರೆ. ಇನ್ನು ಕೆಲವರು, ಬಡತನದ ಬಿಸಿ ಆರಿದ ಮೇಲೆ, ಅಲ್ಲಿ ಎಲ್ಲರೂ ಒಂದೇ ಮನೆಯವರಂತಿದ್ದರು, ಯಾರಿಗೂ ಏನೂ ಕೊರತೆಯಿರಲಿಲ್ಲವೆಂಬಂತೆ ಸವಿಯಾದ ಚಿತ್ರವನ್ನು ಬಿಡಿಸುತ್ತಾರೆ. ಮೊದಲಿನವರು ಕೇರಿಯನ್ನು ಮರೆಸುತ್ತಾರೆ, ಎರಡನೆಯವರು ಕೇರಿಯವರು ಪಟ್ಟ ಕಷ್ಟವನ್ನು ಮರೆಸುತ್ತಾರೆ. ನಾನು ನಿನಗೆ ಹೇಳಬೇಕೆಂದಿರುವ ಮಾತು ಒಂದೇ: ಕೇರಿಯನ್ನು ಅದರ ಕೆಲಸದ ಮೂಲಕ ನೆನೆ, ಆ ಕೆಲಸಕ್ಕೆ ಸಂದದ್ದೆಷ್ಟು, ಸಲ್ಲದೆ ಹೋದದ್ದೆಷ್ಟು ಎಂಬ ಲೆಕ್ಕವನ್ನೂ ಅದರೊಡನೆ ಬರೆದಿಡು.

ಹಿಂದೂಪುರದ ಮುದಿರೆಡ್ಡಿಪಲ್ಲಿಯ ಕಡೆ ಹೋದರೆ ರೇಷ್ಮೆ ಸೀರೆಯ ಮಗ್ಗದ ಸದ್ದು ಈಗಲೂ ಕಿವಿಗೆ ಬೀಳುತ್ತದೆ. ಗುಂಡಿಮಗ್ಗವನ್ನು ನೀನು ನಿತ್ಯವೂ ಕಂಡವನಾದರೂ ಮತ್ತೊಮ್ಮೆ ಅದರ ಬಳಿ ಕುಳಿತು ಸಾವಧಾನವಾಗಿ ನೋಡು. ನೇಕಾರನು ನೆಲದಲ್ಲಿ ತೋಡಿದ ಗುಂಡಿಯೊಳಕ್ಕೆ ಕಾಲಿಳಿಬಿಟ್ಟು, ತುಳಿಗೋಲನ್ನು ತುಳಿಯುತ್ತ, ಲಾಳಿಯನ್ನು ಆಡಿಸುತ್ತ, ಅಡ್ಡೆಳೆಯ ಪ್ರತಿ ಹೊಕ್ಕಿಗೂ ಹಣಿಗೆಯನ್ನು ಎದೆಯತ್ತ ಎಳೆದುಕೊಳ್ಳುತ್ತಾನೆ. ನೆಲದ ತಂಪು ಎಳೆಯನ್ನು ಮೃದುವಾಗಿರಿಸುವುದರಿಂದ ಗುಂಡಿಯು ನೂಲಿಗೆ ಹಿತ. ಆದರೆ ಜಡಿಮಳೆಯ ದಿನಗಳಲ್ಲಿ ಅದೇ ಗುಂಡಿಯಲ್ಲಿ ನೀರು ಜಿನುಗಿ, ಉದ್ದೆಳೆಗಳ ಹಾಸು ಸಡಿಲಗೊಂಡು, ಮಗ್ಗ ನಿಂತುಹೋಗುತ್ತದೆ. ಮಗ್ಗ ನಿಂತ ದಿನ ಕೂಲಿಯೂ ಇಲ್ಲ. ಒಂದು ಹಾಸು ಮುಗಿದು ಹೊಸದು ಬಂದಾಗ, ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಒಂದೊಂದನ್ನಾಗಿ ಹೊಸೆದು ಕೆಚ್ಚಬೇಕು. ಸೀರೆಯ ಅಗಲಕ್ಕೆ ಅಂಥ ಎಳೆಗಳು ಸಾವಿರಾರು. ಒಂದು ತಪ್ಪಿದರೂ ನೇಯ್ಗೆಯುದ್ದಕ್ಕೂ ಗೆರೆ ಬೀಳುತ್ತದೆ. ಈ ವಿದ್ಯೆಯನ್ನು ನಮ್ಮವರಿಗೆ ಯಾವ ಶಾಲೆಯೂ ಕಲಿಸಲಿಲ್ಲ, ಯಾವ ಪ್ರಮಾಣಪತ್ರವೂ ಮಾನ್ಯಮಾಡಲಿಲ್ಲ. ಅದನ್ನು ಬಲ್ಲ ಬೆರಳುಗಳ ನಡುವೆ ಬೆಳೆದವನು ತನ್ನ ಹುಟ್ಟಿನ ಬಗೆಗೆ ಸಂಕೋಚಪಡಬೇಕಾದ ಕಾರಣವೇ ಇಲ್ಲ.

ಇನ್ನು ಲೆಕ್ಕದ ಮಾತು. ಸೀರೆಗೆ ಕೂಲಿ ಸಲ್ಲುವುದು ಮಗ್ಗದಲ್ಲಿ ಕುಳಿತವನ ಹೆಸರಿಗೆ. ಆದರೆ ರಾಟೆಯ ಮುಂದೆ ಕುಳಿತು ಲಾಳಿಗೆ ನೂಲಿನ ಕಂಡಿಕೆ ಸುತ್ತಿದವಳು ಅವನ ಹೆಂಡತಿ. ಎಳೆ ಬಿಡಿಸಿದವಳು ತಾಯಿ. ಶಾಲೆಯ ಗಂಟೆ ಬಾರಿಸುವ ಮುನ್ನ ಕಂಡಿಕೆ ತುಂಬಿಟ್ಟು ಓಡಿದವರು ನಮ್ಮಂಥ ಮಕ್ಕಳು. ಈ ದುಡಿಮೆ ಕೂಲಿ ಕೊಡುವ ಸಾಹುಕಾರನ ಖಾತೆಯಲ್ಲಿ ಎಂದೂ ಕಾಣಿಸಿಕೊಳ್ಳಲಿಲ್ಲ. ಸೀರೆ ಮೊದಲಾದ ಕೆಲವು ವಸ್ತ್ರಗಳ ತಯಾರಿಕೆಯನ್ನು ಕೈಮಗ್ಗಕ್ಕೆ ಮೀಸಲಿಡುವ ಕಾಯಿದೆ 1985ರಲ್ಲಿ ಬಂದಿತಾದರೂ, ವಿದ್ಯುನ್ಮಗ್ಗದ ಅನುಕರಣೆ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ದೊರೆಯುವುದು ನಿಲ್ಲಲಿಲ್ಲ. 2019ರ ಡಿಸೆಂಬರಿನಲ್ಲಿ ಧರ್ಮವರದಲ್ಲಿ ಆರಂಭವಾದ ಆಂಧ್ರ ಸರ್ಕಾರದ ನೇತನ್ನ ನೇಸ್ತಂ ಯೋಜನೆಯು ವರ್ಷಕ್ಕೆ 24,000 ರೂಪಾಯಿಗಳ ನೆರವನ್ನು ಗೊತ್ತುಮಾಡಿದ್ದು ಸ್ವಂತ ಮಗ್ಗವುಳ್ಳ ನೇಕಾರನಿಗೆ. ಅನ್ಯರ ಮಗ್ಗದಲ್ಲಿ ಕೂಲಿಗೆ ಕುಳಿತವನೂ ರಾಟೆಯ ಮುಂದಿನ ಹೆಂಗಸೂ ಅದರ ಹೊರಗೇ ಉಳಿದರು. ನಿನ್ನ ಬರಹದಲ್ಲಿ ತಾಯಿಯ ಕೈಯಡುಗೆಯ ರುಚಿ ಬರುವುದಾದರೆ ತಾಯಿ ಸುತ್ತಿದ ಕಂಡಿಕೆಯ ಮಾತೂ ಬರಲಿ. ಪ್ರೀತಿಯನ್ನಷ್ಟೇ ನೆನೆದು ದುಡಿಮೆಯನ್ನು ಬಿಟ್ಟರೆ ಅವಳ ಋಣದಲ್ಲಿ ಅರ್ಧವೂ ತೀರುವುದಿಲ್ಲ.

ಮಗ್ಗವೊಂದೇ ಕೇರಿಯಲ್ಲ. ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವವರ ಬೆರಳುಗಳ ಚರ್ಮ ಸದಾ ನೆನೆದು ಬೆಳ್ಳಗಾಗಿರುತ್ತಿದ್ದುದನ್ನು ನೀನು ಮರೆತಿರಲಾರೆ. ಹಿಂದೂಪುರದ ಮಾರುಕಟ್ಟೆಗೆ ಹುಣಸೆಯೂ ಬೆಲ್ಲವೂ ಹೆಸರು ತಂದವು. ಬೇಸಗೆ ಬಂದಿತೆಂದರೆ ಜಗಲಿಗಳ ಮೇಲೆ ಹೆಂಗಸರು ಹುಣಸೆಯನ್ನು ಬಡಿದು, ಓಡು ಕಳಚಿ, ನಾರು ತೆಗೆದು, ಬೀಜ ಬಿಡಿಸುತ್ತ ಕೂರುವರು. ಕರಿಪುಳಿಯೆಂಬ ಮೇಲು ದರ್ಜೆಯ ಹಣ್ಣಿಗೆ ವ್ಯಾಪಾರಿಗೆ ಒಳ್ಳೆಯ ಧಾರಣೆ ಸಿಕ್ಕುವುದುಂಟು. ಆ ದರ್ಜೆಗೆ ಅದನ್ನು ತಂದ ಕೈಗೆ ಬರುವುದು ತೂಕದ ಮೇಲಿನ ಕೂಲಿ. ಆ ಬೀಜವೂ ವ್ಯರ್ಥವಾಗುವುದಲ್ಲ. ನಾನೀಗ ನೆಲೆಸಿರುವ ಈ ಕಲ್ಯಾಣದುರ್ಗದ ಸೀಮೆಯಲ್ಲಿ ಕಂಬಳಿ ನೇಯುವ ಕುರುಬರು ಹುಣಸೆಬೀಜವನ್ನು ಅರೆದು ಕಾಸಿದ ಸರಿಯನ್ನು ಉಣ್ಣೆಯ ಹಾಸಿನ ಎಳೆಗಳಿಗೆ ಕುಂಚದಿಂದ ಬಳಿಯುತ್ತಾರೆ. ಅದರಿಂದ ಎಳೆ ಗಟ್ಟಿಗೊಂಡು ಮಗ್ಗದ ಉಜ್ಜಾಟವನ್ನು ತಾಳುತ್ತದೆ. ಒಂದು ಕೇರಿಯ ಹೆಂಗಸರು ಬೇರ್ಪಡಿಸಿ ಹಾಕಿದ್ದು ಮತ್ತೊಂದು ಕೇರಿಯ ನೂಲಿಗೆ ಬಲವಾಗುವ ಈ ಸಂಬಂಧವನ್ನು ಗುರುತಿಸಿದವನಿಗೆ, ಶ್ರಮಜೀವಿಗಳ ಬದುಕು ಕುಲ ಕುಲವಾಗಿ ಬೇರೆ ಬೇರೆ ನಿಂತದ್ದಲ್ಲವೆಂಬುದು ಯಾರೂ ಹೇಳದೆಯೇ ಮನದಟ್ಟಾಗುತ್ತದೆ.

ಭಾಷೆಯ ವಿಷಯದಲ್ಲಿಯೂ ಒಂದು ಮಾತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಅನಂತಪುರ ಜಿಲ್ಲೆ ಅದರೊಳಗೆ ಸೇರಿತು. ಆದರೂ ನಮ್ಮ ಮನೆಗಳಲ್ಲಿ ಕನ್ನಡವೂ ಬೀದಿಯಲ್ಲಿ ತೆಲುಗೂ ನೂಲು ತೆಗೆಯುವವರ ಅಂಗಳದಲ್ಲಿ ಉರ್ದುವೂ ಮೊದಲಿನಂತೆಯೇ ನಡೆದುಕೊಂಡು ಬಂದವು. ಮಡಕಶಿರದ ಸೀಮೆಯ ಹೇಮಾವತಿ ನೊಳಂಬ ಅರಸರ ರಾಜಧಾನಿಯಾಗಿ ಮೆರೆದದ್ದು. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ಬೆಳೆದ ಲೇಪಾಕ್ಷಿಯ ಗುಡಿಯಲ್ಲಿ ಕನ್ನಡ ಶಾಸನಗಳಿವೆ. ಕನ್ನಡದ ಈ ಹಿರಿಮೆಯನ್ನು ತಿಳಿದಿರು; ಆದರೆ ಅದನ್ನು ನೆರೆಯವನ ಮೇಲೆ ಎತ್ತಿ ಆಡಬೇಡ. ಗಡಿನಾಡಿನ ಮಗುವಿಗೆ ಮನೆಯದು, ಬೀದಿಯದು ಎಂದು ಎರಡು ನುಡಿಗಳು ದೊರೆತದ್ದು ಭಾಗ್ಯ. ಎರಡರಲ್ಲಿ ಯಾವುದನ್ನಾದರೂ ನಾಚಿಕೆಯಿಂದ ಬಿಟ್ಟುಕೊಟ್ಟರೆ ಕೇರಿಯ ಅರ್ಧ ಬಾಳು ನಿನ್ನ ಬರಹದಿಂದ ಹೊರಗುಳಿಯುತ್ತದೆ.

ಇಷ್ಟರ ಮೇಲೆ ನೀನು ಮಾಡತಕ್ಕದ್ದನ್ನು ಹೇಳಿ ಮುಗಿಸುತ್ತೇನೆ. ಮುಂದಿನ ರಜೆಗೆ ಊರಿಗೆ ಬಂದಾಗ, ಕೆಚ್ಚುವುದನ್ನು ಬಲ್ಲ ಹಿರಿಯರೊಬ್ಬರ ಬಳಿ ಕುಳಿತು ಅವರ ಮಾತನ್ನು ಅವರದೇ ನುಡಿಯಲ್ಲಿ ಬರೆದುಕೊ. ಮಗ್ಗದ ಒಂದೊಂದು ಅಂಗದ ಹೆಸರನ್ನೂ ಕೇಳಿ ತಿಳಿ. ಅವರು ಮೊದಲ ಸೀರೆ ನೇಯ್ದಾಗ ಬಂದ ಕೂಲಿಯೆಷ್ಟು, ಆ ಕೂಲಿಗೆ ಆಗ ಬರುತ್ತಿದ್ದ ಅಕ್ಕಿಯೆಷ್ಟು, ಸಾಹುಕಾರನಲ್ಲಿ ಮಾಡಿದ ಸಾಲ ತೀರಿದ್ದು ಯಾವಾಗ ಎಂದು ವಿಚಾರಿಸು. ರಾಟೆಯ ಮುಂದೆ ಕೂತವರನ್ನು ಪ್ರತ್ಯೇಕವಾಗಿ ಕೇಳು. ಗಂಡಸರು ಹೇಳದ ಎಷ್ಟೋ ಸಂಗತಿಗಳನ್ನು ಅವರು ಹೇಳುವರು. ಮನೆಯಲ್ಲಿ ಮದುವೆ ಒದಗಿದಾಗ ಸೀರೆಯನ್ನು ನೇಯ್ದವರ ಬಳಿಯೇ ಕೊಂಡು, ಬೆಲೆಯಲ್ಲಿ ಚೌಕಾಸಿ ಮಾಡದಿರು. ಓಣಿಯ ಮಕ್ಕಳಲ್ಲೊಬ್ಬರ ಓದಿಗೆ ನಿನ್ನ ಸಂಬಳದಲ್ಲಿ ಒಂದು ಪಾಲನ್ನು ಎತ್ತಿಡು. ಈ ಕೆಲಸಗಳನ್ನು ಮಾಡಿ ಆಮೇಲೆ ಬರೆ. ಆಗ ನೀನು ಬರೆದದ್ದನ್ನು ಕೇರಿಯವರು ಕೂತು ಕೇಳಿ, ಇದು ನಮ್ಮ ಮಾತೇ ಹೌದೆಂದು ಒಪ್ಪುವರು. ಅವರ ಒಪ್ಪಿಗೆಯೇ ನಿನಗೆ ಬೇಕಾದ ಮನ್ನಣೆ. ಬರೆದು ಮುಗಿಸಿದ ಮೇಲೆ ನನಗೂ ಒಂದು ಪ್ರತಿಯನ್ನು ಕಳುಹಿಸು.

ಇತಿ ಆಶೀರ್ವಾದಪೂರ್ವಕ,
ನಿನ್ನ ಸೀಮೆಯ ಹಿರಿಯ