ನಲಿಕಲಿ ಬಿಡಿಸಿ ಖಾಸಗಿ ಮಾಂಟೆಸ್ಸರಿಗೆ ಹಾಕಲೇ?

ಪ್ರಶ್ನೆ: ಮಗಳು ಸೇಡಂ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿ. ನಲಿಕಲಿ ಎಂದು ಮೂರನೇ ತರಗತಿಯವರ ಜೊತೆ ಕೂರಿಸುತ್ತಾರೆ. ಕಾರ್ಡು, ಹಾಡು ಬಿಟ್ಟರೆ ಹೋಂವರ್ಕ್ ಇಲ್ಲ. ವಾಡಿಯಲ್ಲಿರುವ ತಂಗಿಯ ಮಗ ಖಾಸಗಿ ಮಾಂಟೆಸ್ಸರಿಯಲ್ಲಿ ಪುಟಗಟ್ಟಲೆ ಬರೆಯುತ್ತಾನೆ. ಶಾಲೆ ಬದಲಿಸಲೇ?

ಉತ್ತರ: ಈಗಲೇ ಬಿಡಿಸಬೇಡಿ, ತಾಯಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂತು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಮಾಂಟೆಸ್ಸರಿಯ ತಿರುಳೂ ಇದೇ. ಆರು ವರ್ಷದ ಮಗುವಿನ ಕೈಯಿಂದ ಪುಟಗಟ್ಟಲೆ ಬರೆಸುವುದು ಆ ಪದ್ಧತಿಯಲ್ಲ, ಶಾಲೆಯ ಬೋರ್ಡಿನ ಮೇಲೆ ಏನೇ ಇರಲಿ.

ಮೊದಲು ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಅರ್ಧ ದಿನ ತರಗತಿಯಲ್ಲಿ ಕೂತು ನೋಡಿ. ಮಗಳು ತಾನೇ ಕಾರ್ಡು ತೆಗೆದುಕೊಂಡು ಕೆಲಸ ಮುಗಿಸುತ್ತಾಳೆಯೇ? ಬಳಿಕ ಮಗಳ ಕಲಿಕೆ ದಾಖಲಿಸುವ ಪ್ರಗತಿ ನೋಟ ಕೇಳಿ. ಹಿಂದಿನ ತಿಂಗಳಿಗಿಂತ ಕಲಿಕೆಯ ಎಷ್ಟು ಹೆಚ್ಚು ಮೈಲಿಗಲ್ಲು ದಾಟಿದ್ದಾಳೆ ಎಂಬುದನ್ನು ಬರೆದಿಟ್ಟುಕೊಳ್ಳಿ.

ಜೊತೆಗೆ ನೀವೂ ಕಲಿಸಬಹುದು: ಮನೆಯಲ್ಲಿ ತೊಗರಿ ಹಸನು ಮಾಡುವಾಗ ಹತ್ತತ್ತು ಕಾಳಿನ ಗುಂಪು ಮಾಡಿಸಿ. ಬಸ್ ನಿಲ್ದಾಣದಲ್ಲಿ ಚಿತ್ತಾಪುರ, ಶಹಾಬಾದ, ಚಿಂಚೋಳಿ ಬೋರ್ಡುಗಳನ್ನು ಓದಿಸಿ.

ಕಾರ್ಡುಗಳು ಕಪಾಟಿನಲ್ಲೇ ಕೊಳೆಯುತ್ತಿದ್ದರೆ, ಶಿಕ್ಷಕರ ಕೊರತೆಯಿದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕೇಳಿ. ಪರಿಹಾರ ಸಿಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆಮೇಲೂ ಏನೂ ಬದಲಾಗದಿದ್ದರೆ ಮಾತ್ರ ಬೇರೆ ಶಾಲೆ ಯೋಚಿಸಿ.

ಇನ್ನೊಂದು ಮಾತು: ಮಗಳು ಕರೆದಾಗ ತಿರುಗದಿದ್ದರೆ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರೆ, ದಿನವೂ ಕಂಡ ಅಕ್ಷರ ಮರುದಿನ ಗುರುತಾಗದಿದ್ದರೆ ತಡಮಾಡದೆ ತಾಲೂಕು ಆಸ್ಪತ್ರೆಯಲ್ಲಿ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ.

– ಶಿಕ್ಷಣ ಸಲಹೆಗಾರರು