ಸಕ್ಕರೆ ತೊರೆದವರ ಮಾವಿನ ಪಾಕ: ವಿಧಿ ಮತ್ತು ಕಾಲಮರ್ಯಾದೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಮೇ ತಿಂಗಳಿಂದ ಜುಲೈವರೆಗೆ ಮಾವಿನ ಸುಗ್ಗಿ. ಬಾದಾಮಿ, ರಸಪುರಿ, ತೋತಾಪುರಿ ಹಣ್ಣುಗಳು ಮನೆ ತುಂಬಿರುವಾಗ, ಸಕ್ಕರೆ-ಬೆಲ್ಲಗಳನ್ನು ತ್ಯಜಿಸಿದ ಹಿರಿಯರಿಗಾಗಿ ಹಣ್ಣನ್ನು ಹಾಗೆಯೇ ಬೇಯಿಸಿ, ಜಾಡಿಯಲ್ಲಿ ತುಂಬಿ, ಭಾದ್ರಪದದ ದಶಲಕ್ಷಣ ಪರ್ವದ ಪಾರಣೆಗೆ ಇರಿಸಿಕೊಳ್ಳೋಣವೆಂದು ಗೃಹಿಣಿಗೆ ತೋರುವುದು ಸಹಜ. ಭಕ್ತಿಯಿಂದ ಹುಟ್ಟಿದ ಈ ಆಲೋಚನೆ ವ್ರತಕ್ಕೆ ಹೊಂದುವುದೇ ಎಂಬುದು ಈ ಪಾಠದ ವಿಷಯ.

ವ್ರತದ ಸ್ವರೂಪ: ತತ್ತ್ವಾರ್ಥಸೂತ್ರದ ಆರು ಬಾಹ್ಯ ತಪಸ್ಸುಗಳಲ್ಲಿ ರಸಪರಿತ್ಯಾಗವು ನಾಲ್ಕನೆಯದು. ವಟ್ಟಕೇರಾಚಾರ್ಯರ ಮೂಲಾಚಾರವು ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳ ತ್ಯಾಗವನ್ನೂ, ಕಹಿ, ಖಾರ, ಒಗರು, ಹುಳಿ, ಸಿಹಿ ರುಚಿಗಳ ತ್ಯಾಗವನ್ನೂ ಹೇಳುತ್ತದೆ. ಆದುದರಿಂದ ಬೆಲ್ಲ-ಸಕ್ಕರೆ ಮಾತ್ರ ಬಿಟ್ಟವರಿಗೆ ಹಣ್ಣಿನ ಸಹಜ ಸಿಹಿ ಸಲ್ಲುತ್ತದೆ. ಮಧುರ ರಸವನ್ನೇ ಬಿಟ್ಟವರಿಗೆ ಸಿಹಿ ಮಾವೂ ಸಲ್ಲದು. ನಿಯಮ ಸ್ವೀಕರಿಸಿದಾಗ ಆಡಿದ ಮಾತೇ ಪ್ರಮಾಣ. ಸಕ್ಕರೆಗೆ ಬದಲಾಗಿ ಜೇನು ಬೆರೆಸಿದರೆ ಶ್ರಾವಕನ ಮೂಲಗುಣಕ್ಕೇ ಭಂಗ. ಹಣ್ಣನ್ನು ಬೇಯಿಸುವುದಕ್ಕೂ ಕಾರಣವುಂಟು: ಐದನೆಯದಾದ ಸಚಿತ್ತತ್ಯಾಗ ಪ್ರತಿಮೆಯವರು ಹಸಿ ಫಲವನ್ನು ಸೇವಿಸುವುದಿಲ್ಲ, ಬೆಂದಾಗ ಅದು ಪ್ರಾಸುಕವಾಗುತ್ತದೆ.

ಪಾಕವಿಧಿ: ಹಗಲಿನ ಬೆಳಕಿನಲ್ಲಿ ಹಣ್ಣನ್ನು ಹೆಚ್ಚಿ ನೋಡಬೇಕು. ಹಣ್ಣುನೊಣವು ಸಿಪ್ಪೆಯಡಿಯಲ್ಲಿ ಮೊಟ್ಟೆಯಿಡುವುದರಿಂದ, ಹೊರಗೆ ಚೆನ್ನಾಗಿ ಕಾಣುವ ಮಾವಿನೊಳಗೂ ಹುಳುವಿರಬಹುದು. ಆದಕಾರಣ ಇಡೀ ಹಣ್ಣನ್ನು ಬೇಯಿಸಬಾರದು. ಹುಳುವಿರುವುದನ್ನು ಒಲೆಯಿಂದ ದೂರ, ನೆರಳಿನಲ್ಲಿ ಬಿಡಬೇಕು. ನಾಲ್ಕು ಹಣ್ಣುಗಳ ಹೋಳಿಗೆ ಆಗತಾನೆ ಸೋಸಿದ ಅರ್ಧ ಲೋಟ ನೀರು, ಎರಡು ಲವಂಗ ಸೇರಿಸಿ, ಹೋಳು ಮೆತ್ತಗಾಗುವವರೆಗೆ ಸಣ್ಣ ಉರಿಯಲ್ಲಿ ಬೇಯಿಸಿ ಮುಚ್ಚಿಡುವುದು.

ಸಂಗ್ರಹ: ಮುರಬ್ಬದಲ್ಲಿ ಸಕ್ಕರೆ ಸಿಹಿಗಾಗಿ ಮಾತ್ರ ಇರುವುದಲ್ಲ, ಅದು ನೀರಿನಂಶವನ್ನು ಹಿಡಿದಿಟ್ಟು ಬೂಷ್ಟನ್ನು ತಡೆಯುತ್ತದೆ. ಸಕ್ಕರೆ ಬಿಟ್ಟೊಡನೆ ಆ ತಡೆಯೂ ಹೋಗುತ್ತದೆ. ಆಹಾರವನ್ನು ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿ ಕುದಿಸಿ ಕಾಪಾಡುವ ವಿಧಾನವನ್ನು ಫ್ರಾನ್ಸಿನ ನಿಕೊಲಾ ಅಪೇರ್ 1810ರಲ್ಲಿ ಪ್ರಕಟಿಸಿದನು. ಆ ಕ್ರಮದಿಂದ ಹಣ್ಣು ತಿಂಗಳುಗಟ್ಟಲೆ ಉಳಿಯಬಹುದು. ಆದರೆ ಪದಾರ್ಥ ಕೆಡದಿರುವುದು ಬೇರೆ, ಮರ್ಯಾದೆಯೊಳಗಿರುವುದು ಬೇರೆ. ಶ್ರಾವಕಾಚಾರದ ರೂಢಿಯಲ್ಲಿ ಉಪ್ಪಿನಕಾಯಿ, ಮುರಬ್ಬಗಳ ಅವಧಿ 24 ಗಂಟೆ. ಅದನ್ನು ಮೀರಿದ ಸಂಧಾನವು ಅಭಕ್ಷ್ಯ. ಸಕ್ಕರೆಯುಳ್ಳದ್ದಕ್ಕೇ ಇಷ್ಟು ಅವಧಿಯಾದರೆ, ಸಕ್ಕರೆಯಿಲ್ಲದ ಪಾಕಕ್ಕೆ ಹೆಚ್ಚಿನ ಅವಧಿ ಕೇಳಲಾಗದು. ಬೆಳಿಗ್ಗೆ ಮಾಡಿದ್ದು ಸೂರ್ಯಾಸ್ತದೊಳಗೆ ಮುಗಿಯಬೇಕು. ಫ್ರಿಜ್ಜು ಕೆಡುವಿಕೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ಮರ್ಯಾದೆಯನ್ನು ಹೆಚ್ಚಿಸುವುದಿಲ್ಲ. ಬಣ್ಣ, ವಾಸನೆ, ರುಚಿ ಬದಲಾದದ್ದು ಚಲಿತರಸ, ಅವಧಿಯೊಳಗಿದ್ದರೂ ತ್ಯಾಜ್ಯ.

ಹೀಗಿರಲು, ಮಾವಿನ ಪಾಕವು ಸುಗ್ಗಿಯ ದಿನಗಳಿಗೇ ಸಲ್ಲತಕ್ಕದ್ದು. ಆಷಾಢ ಶುಕ್ಲ ಅಷ್ಟಮಿಯಿಂದ ಹುಣ್ಣಿಮೆಯವರೆಗಿನ ಅಷ್ಟಾಹ್ನಿಕ ಪರ್ವದಲ್ಲಿ ಇನ್ನೂ ಮಾವು ದೊರೆತರೆ ಅಂದಂದಿಗೆ ಬೇಕಾದಷ್ಟು ಮಾಡಿ ಬಡಿಸಬಹುದು. ಭಾದ್ರಪದದ ಪಾರಣೆಗೆ ಆಗ ದೊರೆಯುವ ಬಾಳೆಹಣ್ಣು ಸಾಕು. ಸಕ್ಕರೆಯನ್ನು ಬಿಟ್ಟು ಜಾಡಿಯ ಮೇಲೆ ಆಸೆಯಿರಿಸಿದರೆ ರಸದ ಮೋಹ ಉಳಿದೇ ಇರುತ್ತದೆ. ತಪಸ್ಸು ಆ ಮೋಹವನ್ನು ಕರಗಿಸಲೆಂದೇ ಇರುವುದು.

ಮನನಕ್ಕೆ:
1. ಮನೆಯ ವ್ರತಿಗಳು ತ್ಯಜಿಸಿದ್ದು ಸಕ್ಕರೆಯನ್ನೋ, ಮಧುರ ರಸವನ್ನೋ?
2. ಅಡುಗೆಮನೆಯ ಜಾಡಿಗಳಲ್ಲಿ 24 ಗಂಟೆ ಮೀರಿದ ಸಂಧಾನ ಯಾವುದಿದೆ?