ಮೀನಖಂಡದೊಳಗಿನ ರಕ್ತದ ಲೆಕ್ಕ

ಗುಂಡ್ಲುಪೇಟೆಯಿಂದ ಮದ್ದೂರು ಕಾಡಂಚಿನವರೆಗಿನ ಊರುಗಳಲ್ಲಿ ವಯಸ್ಸಾದವರ ಜೊತೆ ಕೂತರೆ ಕಾಲುನೋವಿನ ಮಾತು ಬಂದೇ ಬರುತ್ತದೆ. ಅದರಲ್ಲಿ ಒಂದು ಬಗೆಯ ನೋವನ್ನು ಗಮನಿಸಿ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಬೀಡಿ ಸೇದುವವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಬಹಳ ಸಲ ಕಾಲಿನ ರಕ್ತನಾಳ ಕಿರಿದಾಗಿರುವುದರ ಗುರುತು. ವಯಸ್ಸಾಯಿತು ಎಂದು ಇದನ್ನು ತಳ್ಳಿಹಾಕುವುದು ನನಗೆ ಸರಿಕಾಣುವುದಿಲ್ಲ; ಇದು ಅಳೆದು ನೋಡಬಹುದಾದ ಸಂಗತಿ.

ಸುಮ್ಮನೆ ಕೂತಾಗ 100 ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಮೂರು ನಾಲ್ಕು ಮಿಲಿಲೀಟರ್ ರಕ್ತ ಸಾಕು. ಹಿಮವದ್ ಗೋಪಾಲಸ್ವಾಮಿ ಬೆಟ್ಟದಂಥ ಏರು ಹತ್ತುವಾಗ ದುಡಿಯುವ ಸ್ನಾಯುಗಳಿಗೆ ಅದರ ಹತ್ತಾರು ಪಟ್ಟು ಬೇಕು. ಅದೂ ಒಂದೇ ಸಮನೆ ಹರಿಯುವುದಿಲ್ಲ. ಸ್ನಾಯು ಬಿಗಿದಾಗ ಒಳಗಿನ ನಾಳಗಳು ಅದುಮಿಕೊಳ್ಳುತ್ತವೆ, ಸಡಿಲಾದಾಗ ರಕ್ತ ನುಗ್ಗುತ್ತದೆ.

ಹೊಸಬರು ಇಲ್ಲಿ ಎರಡು ಪ್ರಶ್ನೆಗಳನ್ನು ಬೆರೆಸಿಬಿಡುತ್ತಾರೆ. ಅರಿಶಿನದ ಹೊಲಕ್ಕೆ ಬೋರ್‌ವೆಲ್‌ನಿಂದ ಎಷ್ಟು ನೀರು ಬಂತು ಎಂಬುದು ಒಂದು ಲೆಕ್ಕ, ಗಿಡ ಎಷ್ಟು ಕುಡಿಯಿತು ಎಂಬುದು ಇನ್ನೊಂದು. ರಕ್ತದ ಹರಿವು ಮೊದಲನೆಯದು, ಸ್ನಾಯು ಆಮ್ಲಜನಕ ಬಳಸುವ ಚಯಾಪಚಯ ಎರಡನೆಯದು.

ಹರಿವನ್ನು ಅಳೆಯುವ ಹಳೆಯ ಉಪಾಯ ನನಗೆ ಇಂದಿಗೂ ಇಷ್ಟ. ತೊಡೆಗೆ ಬಿಪಿ ಪಟ್ಟಿ ಸುತ್ತಿ ಸುಮಾರು 50 ಮಿ.ಮೀ. ಒತ್ತಡ ಕೊಡುತ್ತಾರೆ. ಅಪಧಮನಿಯಿಂದ ರಕ್ತ ಒಳಗೆ ಬರುತ್ತದೆ, ಆದರೆ ಅಭಿಧಮನಿಯಿಂದ ಹೊರಗೆ ಹೋಗಲಾರದು. ಮೀನಖಂಡ ಉಬ್ಬುವ ವೇಗವೇ ಹರಿವಿನ ಅಳತೆ. ಈಗ ಡಾಪ್ಲರ್ ಸ್ಕ್ಯಾನ್ ರಕ್ತದ ವೇಗವನ್ನೂ ನಾಳದ ಅಗಲವನ್ನೂ ನೇರವಾಗಿ ತೋರಿಸುತ್ತದೆ.

ಚಯಾಪಚಯಕ್ಕೆ ಅಡಾಲ್ಫ್ ಫಿಕ್ 1870ರಲ್ಲಿ ಕೊಟ್ಟ ಸೂತ್ರವೇ ಬುನಾದಿ: ಒಳಬಂದ ರಕ್ತದಲ್ಲಿದ್ದ ಆಮ್ಲಜನಕದಿಂದ ಹೊರಹೋದದ್ದನ್ನು ಕಳೆದು, ಹರಿವಿನಿಂದ ಗುಣಿಸಿ. 100 ಮಿಲಿಲೀಟರ್ ಅಪಧಮನಿ ರಕ್ತದಲ್ಲಿ ಸುಮಾರು 20 ಮಿಲಿಲೀಟರ್ ಆಮ್ಲಜನಕ ಇರುತ್ತದೆ. ಆದರೆ ಹೀಗೆ ಅಳೆಯಲು ನಾಳಕ್ಕೆ ಸೂಜಿ ಚುಚ್ಚಬೇಕು.

ಚುಚ್ಚದ ದಾರಿ ತೋರಿದವರು ಫ್ರಾನ್ಸ್ ಯೋಬ್ಸಿಸ್, 1977ರಲ್ಲಿ. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಚರ್ಮ ದಾಟಿ ಒಳಗೆ ಇಳಿಯುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಮತ್ತು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಆ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ; ಆ ವ್ಯತ್ಯಾಸದಿಂದ ಸ್ನಾಯುವಿನ ಆಮ್ಲಜನಕದ ಏರಿಳಿತ ತಿಳಿಯುತ್ತದೆ. ಈಗ ಪ್ರಯೋಗಾಲಯದಲ್ಲಿ ಪಟ್ಟಿಯನ್ನು ಪೂರ್ತಿ ಬಿಗಿದು ಕೆಲವು ನಿಮಿಷ ರಕ್ತ ನಿಲ್ಲಿಸಿದರೆ ಆಮ್ಲಜನಕ ಇಳಿಯತೊಡಗುತ್ತದೆ. ಹೊಸದು ಬರುತ್ತಿಲ್ಲವಾದ್ದರಿಂದ ಆ ಇಳಿಕೆಯ ವೇಗ ಸ್ನಾಯು ಎಷ್ಟು ಬಳಸುತ್ತಿದೆ ಎಂಬುದನ್ನು ಹೇಳುತ್ತದೆ. ಪಟ್ಟಿ ಬಿಟ್ಟಾಗ ಅದು ಮೇಲೇರುವ ವೇಗ ಹರಿವಿನದು. ನಾಳ ಕಿರಿದಾಗಿದ್ದರೆ ಆ ಏರಿಕೆ ನಿಧಾನ. ಚರ್ಮದಡಿಯ ಕೊಬ್ಬು ದಪ್ಪವಿದ್ದರೆ ಬೆಳಕು ಸ್ನಾಯುವನ್ನು ಸರಿಯಾಗಿ ಮುಟ್ಟುವುದಿಲ್ಲ ಎಂಬುದು ಈ ವಿಧಾನದ ಕೊರತೆ. ಹೀಗೆ ಪಟ್ಟಿ ಬಿಗಿದು ರಕ್ತ ನಿಲ್ಲಿಸುವುದನ್ನು ಮನೆಯಲ್ಲಿ ಮಾಡಿ ನೋಡಬೇಡಿ.

ಇಷ್ಟೆಲ್ಲ ಯಂತ್ರವಿಲ್ಲದ ಕಡೆಯೂ ಶುರು ಮಾಡಬಹುದು. ಕಾಲ್ಗಿಣ್ಣಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ನಾಳ ಕಿರಿದಾಗಿರುವ ಅನುಮಾನ ಬಲವಾಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ನಾಳ ಗಡುಸಾಗಿ ಈ ಅಂಕಿ ಸುಳ್ಳೇ ಹೆಚ್ಚು ಬರಬಹುದು. ಅಂಥವರಿಗೆ ಕಾಲ್ಬೆರಳಿನ ಒತ್ತಡವನ್ನೂ ನೋಡುವಂತೆ ವೈದ್ಯರನ್ನು ಕೇಳಿ.